ವಿಮಾನ ಚಾಲಕನ ವಾನಪ್ರಸ್ಥ

ರಘುವಂಶದ ಅರಸರು ವಾರ್ಧಕ್ಯದಲ್ಲಿ ರಾಜ್ಯವನ್ನು ಮಕ್ಕಳಿಗೊಪ್ಪಿಸಿ ಮುನಿಗಳಂತೆ ಬಾಳುತ್ತಿದ್ದರೆಂದು ಕಾಳಿದಾಸನು ಹೇಳಿರುವನು. ಎಷ್ಟನೆಯ ವರ್ಷದಲ್ಲಿ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ವಾರ್ಧಕ್ಯಕ್ಕೆ ಒಂದು ಅಂಕಿಯನ್ನು ಗೊತ್ತುಮಾಡುವ ಪದ್ಧತಿಯು ನಮ್ಮ ಕಾಲದ ಸರಕಾರಗಳದು. ನಾವೂ ಆ ಅಂಕಿಗೆ ತಲೆಬಾಗಿ, ಶಾಲು ಹೊದಿಸಿಕೊಂಡು ಪಾಠಶಾಲೆಯಿಂದ ಮನೆಗೆ ಬಂದವರೇ.

ಕಳೆದ ಯುಗಾದಿಯ ಮರುದಿನ ನಮ್ಮ ಹಳೆಯ ಶಿಷ್ಯನೊಬ್ಬನು ಹೆಂಡತಿಯೊಡನೆ ಮನೆಗೆ ಬಂದಿದ್ದನು. ಅವನು ವಿಮಾನ ಚಾಲಕ. ವಯಸ್ಸು ಐವತ್ತರ ಹತ್ತಿರ. "ಮೇಷ್ಟ್ರೇ, ತಮ್ಮನ್ನು ಒಂದೇ ದಿನ ನಿವೃತ್ತರನ್ನಾಗಿ ಮಾಡಿದರು. ನಮಗೋ ವರ್ಷಕ್ಕೊಮ್ಮೆ ನಿವೃತ್ತಿಯ ಪರೀಕ್ಷೆ" ಎಂದು ಅವನು ನಕ್ಕನು. ಆತನ ಹೆಂಡತಿಯು ನಗಲಿಲ್ಲ. ಹಿಂದಿನ ವರ್ಷ ರಕ್ತದ ಒತ್ತಡವು ಏರಿದ್ದ ಕಾರಣ ವೈದ್ಯರು ಅವನನ್ನು ಮೂರು ತಿಂಗಳು ನೆಲದ ಮೇಲೆಯೇ ನಿಲ್ಲಿಸಿದ್ದರಂತೆ. ಅಂದಿನ ಮಾತುಕತೆಯೇ ಈ ಲೇಖನಕ್ಕೆ ಕಾರಣವು.

ಅಂಕಿಯ ಕಥೆಯನ್ನು ಮೊದಲು ನೋಡೋಣ. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1959ರಲ್ಲಿ ವಿಮಾನಯಾನದ ಮುಖ್ಯಾಧಿಕಾರಿಯಾಗಿದ್ದವರು ಎಲ್‌ವುಡ್ ಕೆಸಾಡಾ ಎಂಬವರು. ಅದೇ ವರ್ಷ ಅಮೇರಿಕನ್ ಏರ್‌ಲೈನ್ಸ್ ಕಂಪೆನಿಯ ಅಧ್ಯಕ್ಷರು, ವಯಸ್ಸಾದ ಚಾಲಕರಿಗೆ ಒಂದು ಮಿತಿಯಿರಬೇಕೆಂದು ಅವರಿಗೆ ಪತ್ರ ಬರೆದರು. 60 ವರ್ಷವೆಂಬ ಮಿತಿಯು ಹುಟ್ಟಿತು. 1960ರ ಮಾರ್ಚಿಯಲ್ಲಿ ಜಾರಿಗೆ ಬಂದಿತು. 1961ರಲ್ಲಿ ಕೆಸಾಡಾ ಅವರು ಅದೇ ಕಂಪೆನಿಯ ಆಡಳಿತ ಮಂಡಲಿಯನ್ನು ಸೇರಿದರು. ಈ ಮೂರು ಸಂಗತಿಗಳಿಗೆ ಇರುವ ಸಂಬಂಧವನ್ನು ವಾಚಕರೇ ಊಹಿಸಿಕೊಳ್ಳಲಿ.

2006ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಮಿತಿಯನ್ನು 65ಕ್ಕೆ ಏರಿಸಿತು; ಅಮೇರಿಕಾದವರು 2007ರ ಡಿಸೆಂಬರಿನಲ್ಲಿ ಅದನ್ನನುಸರಿಸಿದರು. ಜೊತೆಗೊಂದು ಕಟ್ಟಳೆಯಿತ್ತು. ಇಬ್ಬರು ಚಾಲಕರಲ್ಲಿ ಒಬ್ಬನು 60 ದಾಟಿದ್ದರೆ ಇನ್ನೊಬ್ಬನು ದಾಟಿರಕೂಡದು; ಒಬ್ಬನ ತಲೆ ನರೆತಿದ್ದರೆ ಮತ್ತೊಬ್ಬನದು ಕಪ್ಪಗಿರಬೇಕೆಂಬಂತೆ. ಅಂತರರಾಷ್ಟ್ರೀಯ ಸಂಸ್ಥೆಯು 2014ರಲ್ಲಿ ಆ ಕಟ್ಟಳೆಯನ್ನು ಕೈಬಿಟ್ಟಿತು. ಮಿತಿಯನ್ನು 67 ಮಾಡಬೇಕೆಂದು ಅಮೇರಿಕಾದ ಪ್ರತಿನಿಧಿ ಸಭೆಯು 2023ರಲ್ಲಿ ಒಪ್ಪಿತಾದರೂ, 2024ರ ಮೇ ತಿಂಗಳಲ್ಲಿ ಆದ ಶಾಸನದಲ್ಲಿ ಅದು ಉಳಿಯಲಿಲ್ಲ.

ಇನ್ನು ಶರೀರದ ವಿಷಯ. ಅಂಕಿಯೊಂದನ್ನೇ ನಂಬಿದರೆ ಮೋಸಹೋಗುವೆವೆಂಬುದಕ್ಕೆ 1972ರ ಜೂನ್ 18ರಂದು ಲಂಡನ್ನಿನ ಬಳಿಯ ಸ್ಟೇನ್ಸ್‌ನಲ್ಲಿ ನಡೆದ ದುರಂತವು ಸಾಕ್ಷಿಯಾಗಿದೆ. ಮೇಲೇರಿದ ಕೆಲವೇ ನಿಮಿಷಗಳಲ್ಲಿ ಟ್ರೈಡೆಂಟ್ ವಿಮಾನವು ಕೆಳಗೆ ಬಿದ್ದು 118 ಮಂದಿಯೂ ಮಡಿದರು. ಮುಖ್ಯ ಚಾಲಕನ ಹೃದಯದ ನಾಳಗಳಲ್ಲಿ ಗಂಭೀರವಾದ ವ್ಯಾಧಿಯಿದ್ದುದು ಶವಪರೀಕ್ಷೆಯಲ್ಲಿ ಕಂಡಿತು. ದುರಂತದ ಕಾರಣಗಳಲ್ಲಿ ಅದೂ ಒಂದೆಂದು ವಿಚಾರಣೆಯು ನಿರ್ಣಯಿಸಿತು. ಆತನ ವಯಸ್ಸಾದರೋ 51 ಮಾತ್ರ.

ಆದಕಾರಣ ಅಂಕಿಯ ಸಂಗಡ ವೈದ್ಯರ ಪರೀಕ್ಷೆಯೂ ನಡೆಯುತ್ತದೆ. ಪ್ರಯಾಣಿಕರ ವಿಮಾನವನ್ನು ನಡೆಯಿಸುವವನಿಗೆ ವರ್ಷಕ್ಕೊಮ್ಮೆ, 60 ಕಳೆದ ಮೇಲೆ ಆರು ತಿಂಗಳಿಗೊಮ್ಮೆ. ಕಣ್ಣು, ಕಿವಿ, ರಕ್ತದ ಒತ್ತಡ, ಹೃದಯದ ವಿದ್ಯುಲ್ಲೇಖನ, ಮೂತ್ರದ ಸಕ್ಕರೆ, ಎಲ್ಲವನ್ನೂ ನೋಡುವರು. ಕನ್ನಡಕವು ದೋಷವಲ್ಲ, ಎಷ್ಟೋ ಮಂದಿ ಕನ್ನಡಕ ಧರಿಸಿಯೇ ಹಾರುತ್ತಾರೆ. ಹೃದ್ರೋಗದ ವಿಷಯದಲ್ಲಿ ಅನೇಕ ದೇಶಗಳ ವೈದ್ಯರು ಹಿಡಿದಿರುವ ಲೆಕ್ಕವು ಕುತೂಹಲಕರವಾದುದು. ಒಂದು ವರ್ಷದೊಳಗೆ ಚಾಲಕನು ಹಠಾತ್ತಾಗಿ ನಿಶ್ಚೇಷ್ಟಿತನಾಗುವ ಸಂಭವವು ನೂರಕ್ಕೆ ಒಂದನ್ನು ಮೀರಬಾರದು. ಪಕ್ಕದಲ್ಲಿ ಮತ್ತೊಬ್ಬನಿರುವುದರಿಂದ ಅಷ್ಟನ್ನು ಸಹಿಸಬಹುದು. ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಮುಖ್ಯ ಸ್ಥಾನವು ಬೆಂಗಳೂರು. ಅಲ್ಲಿ 1957ರಲ್ಲಿ ವಾಯುಪಡೆಯವರು ಸ್ಥಾಪಿಸಿದ ವೈಮಾನಿಕ ವೈದ್ಯ ಸಂಸ್ಥೆಯ ಬಾಗಿಲಲ್ಲಿ ನಮ್ಮ ಶಿಷ್ಯನೂ ಎದೆ ಬಡಿದುಕೊಳ್ಳುತ್ತ ಕುಳಿತಿದ್ದವನೇ. ಪರೀಕ್ಷೆಯ ಭಯದಿಂದಲೇ ಒತ್ತಡ ಏರುತ್ತದೆಂದು ಅವನು ದೂರಿದನು. ನಮ್ಮ ತರಗತಿಯಲ್ಲಿ ಶಬ್ದರೂಪಗಳನ್ನು ಒಪ್ಪಿಸುವಾಗಲೂ ಅವನ ಗತಿ ಅದೇ ಆಗಿತ್ತು!

ಹಣದ ವಿಷಯವೇ ಗೃಹಸ್ಥರಿಗೆ ಹೆಚ್ಚು ಹತ್ತಿರವಾದುದು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ, ಹಕ್ಕಿಗಳ ಹಿಂಡು ಬಡಿದು ಯಂತ್ರಗಳು ನಿಂತುಹೋದ ವಿಮಾನವನ್ನು ಹಡ್ಸನ್ ನದಿಯ ಮೇಲಿಳಿಸಿ 155 ಜನರನ್ನೂ ಉಳಿಸಿದ ಚೆಸ್ಲಿ ಸಲೆನ್‌ಬರ್ಗರ್ ಅವರಿಗೆ ಆಗ 57 ವರ್ಷ. ಮರುತಿಂಗಳು ಪ್ರತಿನಿಧಿ ಸಭೆಯ ಸಮಿತಿಯ ಮುಂದೆ ನಿಂತು ಅವರು ಹೇಳಿದುದೇನು? ತಮ್ಮ ಸಂಬಳವು ನೂರಕ್ಕೆ 40ರಷ್ಟು ಇಳಿದಿದೆ, ಪಿಂಚಣಿಯು ಹೋಗಿ ಅದರ ಸ್ಥಾನದಲ್ಲಿ ಅತ್ಯಲ್ಪ ಮೊತ್ತವು ಬಂದಿದೆ ಎಂದು! ಕಂಪೆನಿಗಳು ದಿವಾಳಿಯೆದ್ದಾಗ ಅವುಗಳ ಪಿಂಚಣಿಯ ಹೊಣೆಯನ್ನು ಅಲ್ಲಿಯ ಸರಕಾರದ ನಿಗಮವೊಂದು ಹೊರುತ್ತದೆ, ಆದರೆ ಒಂದು ಮಿತಿಯೊಳಗೆ. 2005ರಲ್ಲಿ ಆ ಮಿತಿಯು 65ನೆಯ ವಯಸ್ಸಿಗೆ ವರ್ಷಕ್ಕೆ ಸುಮಾರು 45,600 ಡಾಲರು, 60ಕ್ಕೆ ಸುಮಾರು 29,600. ಚಾಲಕನನ್ನು 60ಕ್ಕೆ ಇಳಿಸುವುದು ಆಗ ಸರಕಾರದ ನಿಯಮವಾಗಿತ್ತು. ಐದು ವರ್ಷ ಮುಂಚೆ ಇಳಿದನೆಂದು ಹಣವನ್ನು ಕಡಿಮೆ ಮಾಡುವುದೂ ಸರಕಾರದ ನಿಯಮವಾಗಿತ್ತು. ನ್ಯಾಯಶಾಸ್ತ್ರದ ಯಾವ ಪಂಡಿತನು ಇದನ್ನು ಸಮರ್ಥಿಸುವನೋ ನಾವು ಕಾಣೆವು.

ನಮ್ಮ ಶಿಷ್ಯನಿಗೆ ಪಿಂಚಣಿಯಿಲ್ಲ; ಭವಿಷ್ಯನಿಧಿಯುಂಟು, ಮನೆಯ ಸಾಲವುಂಟು. ಅವನ ಸಂಬಳವು ನಮ್ಮ ಸಂಬಳದ ಎಷ್ಟು ಪಟ್ಟೆಂದು ನಾವು ಕೇಳಲಿಲ್ಲ. ಆದರೆ ಅದರಲ್ಲಿ ಬಹುಭಾಗವು ಹಾರಿದ ಗಂಟೆಗಳ ಲೆಕ್ಕದಲ್ಲಿ ಬರುವುದರಿಂದ, ಆ ಮೂರು ತಿಂಗಳು ಸಾಲದ ಕಂತನ್ನು ಕಟ್ಟುವುದಕ್ಕೆ ಹೆಂಡತಿಯ ಬಳೆಗಳು ಹೋದುವು. 65ರ ವರೆಗೆ ದುಡಿಯುವೆನೆಂಬ ಲೆಕ್ಕದ ಮೇಲೆ ಅವನು ಸಾಲ ಮಾಡಿದ್ದನು. "ಐವತ್ತೈದಕ್ಕೇ ಎಲ್ಲ ತೀರಬೇಕೆಂದು ನಾನು ಅಂದಿನಿಂದ ಹೇಳುತ್ತಿದ್ದೇನೆ, ಮೇಷ್ಟ್ರೇ; ನೀವಾದರೂ ಹೇಳಿ" ಎಂದು ಆಕೆ ನಮ್ಮನ್ನು ನಡುವೆ ಎಳೆದಳು. ಲೈಸೆನ್ಸು ಹೋದರೆ ಹಣ ಕೊಡುವ ವಿಮೆಯೊಂದುಂಟು, ಅದನ್ನಾದರೂ ಮಾಡಿಸಬಾರದೇ ಎಂಬುದು ಅವಳ ಎರಡನೆಯ ಮಾತು. ಮೂವತ್ತೈದರಲ್ಲಿ ಮಾಡಿಸಿದ್ದರೆ ಅಗ್ಗವಾಗುತ್ತಿತ್ತು, ಒತ್ತಡದ ರೋಗವು ದಾಖಲೆಯಲ್ಲಿ ಸೇರಿದ ಮೇಲೆ ಕಂಪೆನಿಯವರು ಹುಬ್ಬೇರಿಸುತ್ತಾರೆ ಎಂದು ಅವನು ಗೊಣಗಿದನು. ನಾವು ಆಕೆಯ ಪಕ್ಷವನ್ನೇ ಹಿಡಿದೆವು. ಅವನು ತಲೆ ತಗ್ಗಿಸಿ, ಈ ವರ್ಷ ಹೊಸ ಕಾರಿನ ಮಾತೆತ್ತುವುದಿಲ್ಲವೆಂದು ಒಪ್ಪಿಕೊಂಡನು.

ಹೊರಡುವ ಮುನ್ನ ನಮ್ಮ ಮನೆಯವರು ಹೋಳಿಗೆಯನ್ನು ಬಡಿಸಿದರು. ಅವನು ಅರ್ಧವನ್ನು ಮುರಿದು ಹೆಂಡತಿಯ ಎಲೆಗೆ ಹಾಕಿದನು. ಉಪ್ಪಿನಕಾಯಿಯನ್ನು ಮುಟ್ಟಲೇ ಇಲ್ಲ. ಮುಂದಿನ ತಿಂಗಳು ಪರೀಕ್ಷೆಯಂತೆ.