ನೀರಿಳಿದರೆ ಹೂವು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಿಂದ ಅಟ್ಲಾಂಟಿಕ್ ಸಾಗರದೊಳಕ್ಕೆ ಮಡಚಿದ ತೋಳಿನಂತೆ ಚಾಚಿರುವ ಮರಳು ನಾಡು ಕೇಪ್ ಕಾಡ್. ಅಲ್ಲಿ ಸುಮಾರು 900 ಕೊಳಗಳಿವೆ. ಪಕ್ಕದ ಪ್ಲಿಮತ್ ಸುತ್ತ ಇನ್ನೂ ಹಲವು. ನಮ್ಮ ಕೆರೆಗಳಿಗಿರುವ ಏರಿ, ತೂಬು, ಕೋಡಿ ಇವಕ್ಕಿಲ್ಲ. 15,000ಕ್ಕೂ ಹೆಚ್ಚು ವರ್ಷಗಳ ಹಿಂದೆ ಹಿಮನದಿ ಹಿಂದೆ ಸರಿದಾಗ ಮರಳಿನಲ್ಲಿ ಹೂತುಹೋದ ಮಂಜುಗಡ್ಡೆಗಳು ಕರಗಿ ಬಿಟ್ಟುಹೋದ ಗುಂಡಿಗಳಿವು. ಬೇಸಿಗೆಯ ರಜೆಗೆ ಬಂದವರಿಗೆ ಇವುಗಳ ದಂಡೆ ಎಂದರೆ ಟವೆಲ್ ಹಾಸುವ ಜಾಗ.

ತಪ್ಪು ಕಲ್ಪನೆ: ನೀರು ಇಳಿಯಿತೆಂದರೆ ಕೊಳ ಸಾಯುತ್ತಿದೆ.

ಇವುಗಳಲ್ಲಿ ಬಹುಪಾಲು ಕೊಳಗಳಿಗೆ ಹೊಳೆ ಬಂದು ಸೇರುವುದೂ ಇಲ್ಲ, ಹೊರಟು ಹೋಗುವುದೂ ಇಲ್ಲ. ಅಂತರ್ಜಲವೇ ಗುಂಡಿಯಲ್ಲಿ ಮುಖ ತೋರಿಸುತ್ತದೆ. ಹಾಗಾಗಿ ವಸಂತದಲ್ಲಿ ತುಂಬಿದ ಕೊಳ ಬೇಸಿಗೆಯ ಕೊನೆಗೆ ಇಳಿಯುವುದು ಸಹಜ. ಆಗ ತೆರೆದುಕೊಂಡ ಒದ್ದೆ ಮರಳಿನಲ್ಲಿ, ವರ್ಷಗಟ್ಟಲೆ ಮಲಗಿದ್ದ ಬೀಜಗಳು ಮೊಳೆಯುತ್ತವೆ. ಹಳದಿ ಕಣ್ಣಿನ ಗುಲಾಬಿ ಹೂವಿನ ಪ್ಲಿಮತ್ ಜೆನ್ಷಿಯನ್, ಗುಲಾಬಿ ಕೊರಿಯೋಪ್ಸಿಸ್, ಚಿನ್ನದ ಬಣ್ಣದ ಗ್ರಾಷಿಯೋಲಾ ದಂಡೆಯುದ್ದಕ್ಕೂ ಅರಳುತ್ತವೆ.

ಹಾಗೆಂದು ನೀರು ಇಳಿದೇ ಇರಬೇಕೆಂದಲ್ಲ. ಒಣ ವರ್ಷಗಳಲ್ಲಿ ಬ್ಲೂಬೆರಿಯಂಥ ಪೊದೆಗಳೂ ಪೈನ್ ಸಸಿಗಳೂ ಮೇಲಿನಿಂದ ದಂಡೆಗೆ ಇಳಿದು ಬರುತ್ತವೆ. ಮತ್ತೆ ನೀರೇರಿದಾಗ ಬೇರು ಉಸಿರುಗಟ್ಟಿ ಅವು ಸಾಯುತ್ತವೆ, ಪುಟ್ಟ ಗಿಡಗಳಿಗೆ ಜಾಗ ಬಿಡುವಾಗುತ್ತದೆ. ಬರಗಾಲ ಬೀಜ ಬಿತ್ತಿದರೆ ನೆರೆ ಕಳೆ ಕೀಳುತ್ತದೆ. ಕೊಳವೆಬಾವಿಗಳು ಅಂತರ್ಜಲವನ್ನು ಎಳೆದೆಳೆದು ಮಟ್ಟವನ್ನು ಸದಾ ಕೆಳಗೇ ಇಟ್ಟರೆ ಗೆಲ್ಲುವುದು ಪೊದೆ. ಕೇಪ್ ಕಾಡಿನ ಜನರಿಗೂ ಕುಡಿಯಲು ಇರುವುದು ಇದೇ ಅಂತರ್ಜಲ ಎಂಬುದು ಇಲ್ಲಿನ ಇಕ್ಕಟ್ಟು.

ತಪ್ಪು ಕಲ್ಪನೆ: ಬರಡು ಮರಳು, ಸ್ವಲ್ಪ ಸಾರ ಸೇರಿದರೆ ಒಳ್ಳೆಯದೇ.

ಸಾರ ಸೇರಿದರೆ ಕೆಟ್ಟಿತು. ಆ ಹುಳಿ ಮರಳಿನಲ್ಲಿ ಸಾರವಿಲ್ಲದಿರುವುದರಿಂದಲೇ ಎತ್ತರದ ಹುಲ್ಲುಗಳು ತಲೆಯೆತ್ತುವುದಿಲ್ಲ, ಗೇಣುದ್ದದ ಗಿಡಗಳು ಬದುಕುತ್ತವೆ. ಮನೆಗಳ ಸೆಪ್ಟಿಕ್ ಟ್ಯಾಂಕಿನಿಂದ, ಹುಲ್ಲುಹಾಸಿನ ಗೊಬ್ಬರದಿಂದ ಸಾರಜನಕ, ರಂಜಕ ಇಳಿದು ಬಂದರೆ ಮೊದಲು ಪಾಚಿ, ಆಮೇಲೆ ಒರಟು ಕಳೆ. ಬಡತನಕ್ಕೆ ಹೊಂದಿಕೊಂಡವು ಬೇರೆ ದಾರಿ ಕಂಡುಕೊಂಡಿವೆ: ಡ್ರಾಸೆರಾ ಅಂಟು ಹನಿಗಳಿಂದ ಹುಳ ಹಿಡಿಯುತ್ತದೆ, ಯುಟ್ರಿಕ್ಯುಲೇರಿಯಾ ನೀರಿನಲ್ಲಿ ಪುಟ್ಟ ಚೀಲಗಳಿಂದ ಸೂಕ್ಷ್ಮಜೀವಿಗಳನ್ನು ಒಳಕ್ಕೆ ಸೆಳೆಯುತ್ತದೆ.

ಈ ಎರಡು ಹೆಸರು ನಮಗೆ ಹೊಸವಲ್ಲ. ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ ಮಳೆಗಾಲದಲ್ಲಿ ಇದೇ ಕುಲದ ಗಿಡಗಳು, ಜೊತೆಗೆ ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲನ್ ಅರಳುತ್ತವೆ. ಜಾತಿ ಬೇರೆ, ಬದುಕುವ ಬಗೆ ಒಂದೇ: ಸಾರವಿಲ್ಲದ ಮಣ್ಣು, ಒಮ್ಮೆ ನೀರೋ ನೀರು, ಒಮ್ಮೆ ಕಡು ಒಣಗು. ಆ ಪದವುಗಳನ್ನೂ ನಾವು ‘ಪಾಳು ಜಾಗ’ ಎಂದೇ ಕರೆದುಕೊಂಡು ಬಂದಿದ್ದೇವೆ.

ತಪ್ಪು ಕಲ್ಪನೆ: ಇಲ್ಲಿ ಹೋದರೆ ಇನ್ನೆಲ್ಲೋ ಬೆಳೆಯುತ್ತದೆ.

ಪ್ಲಿಮತ್ ಜೆನ್ಷಿಯನ್ನಿನ ಜಗತ್ತು ಬಲು ಚಿಕ್ಕದು: ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ದೂರದ ದಕ್ಷಿಣದಲ್ಲಿ ಕ್ಯಾರೊಲೈನಾ ರಾಜ್ಯಗಳು, ಉತ್ತರದಲ್ಲಿ ಕೆನಡಾದ ನೋವಾ ಸ್ಕೋಷಿಯಾ. ಕೆನಡಾದಲ್ಲಂತೂ ಅದು ಅಳಿವಿನಂಚಿನಲ್ಲಿದೆ.

ತಪ್ಪು ಕಲ್ಪನೆ: ಹೂವಿಲ್ಲದ ವರ್ಷ ಗಿಡವೂ ಇಲ್ಲ.

ನೀರು ಉಕ್ಕಿದ ವರ್ಷ ದಂಡೆಗೆ ಹೋದವರಿಗೆ ಹೂವು ಕಾಣದು. ಆದರೆ ಜೆನ್ಷಿಯನ್ ಬಹುವಾರ್ಷಿಕ ಗಿಡ. ನೆಲಕ್ಕಂಟಿದ ಎಲೆಗುಚ್ಛವಾಗಿ ನೀರಿನಡಿಯಲ್ಲೇ ಉಳಿದಿರುತ್ತದೆ. ಖಾಲಿ ಎಂದುಕೊಂಡು ಈಜಲು ಕಾಲಿಡುವಾಗ ಪಾದದಡಿ ಸಿಗುವ ಎಲೆ ಅದರದೇ ಇರಬಹುದು.