ಬೀಳಬೇಕಿದ್ದ ಸಿಗಡಿಗೆ ಬಾಲ ಬಂದ ಕಥೆ

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರ ಕರಾವಳಿಯಲ್ಲಿ, ರಿಚ್ಮಂಡ್ ನದಿ ಸಮುದ್ರವನ್ನು ಸೇರುವ ಸ್ಥಳದಲ್ಲಿ ಬ್ಯಾಲಿನಾ ಎಂಬ ಪುಟ್ಟ ಪಟ್ಟಣವಿದೆ. ಪಶ್ಚಿಮದ ಕಡೆಯಿಂದ ಊರು ಪ್ರವೇಶಿಸುವವರನ್ನು ಎದುರುಗೊಳ್ಳುವುದು ದೊರೆಗಳ ಪ್ರತಿಮೆಯಲ್ಲ, ಯುದ್ಧ ಸ್ಮಾರಕವೂ ಅಲ್ಲ, ಒಂದು ಸಿಗಡಿ. ಎತ್ತರ 9 ಮೀಟರ್, ಅಂದರೆ ಹೆಚ್ಚುಕಡಿಮೆ ಮೂರಂತಸ್ತಿನ ಮನೆಯಷ್ಟು. ತೂಕ 35 ಟನ್.

ಸಿಗಡಿಯ ಬಣ್ಣ ಕಿತ್ತಳೆ. ನಮ್ಮ ಕರಾವಳಿಯ ಓದುಗರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಬದುಕಿರುವ ಸಿಗಡಿ ಸಾಮಾನ್ಯವಾಗಿ ಮಾಸಲು ಬೂದು ಬಣ್ಣದ್ದು. ಬೇಯಿಸಿದಾಗ ಅದರ ಚಿಪ್ಪಿನಲ್ಲಿ ಪ್ರೋಟೀನಿನೊಡನೆ ಬೆಸೆದುಕೊಂಡಿದ್ದ ವರ್ಣದ್ರವ್ಯ ಬಿಡುಗಡೆಯಾಗಿ ಕೆಂಪೇರುತ್ತದೆ. ಬ್ಯಾಲಿನಾದ ಮಹಾ ಸಿಗಡಿಯು ಜೀವಿಯೊಂದರ ಸ್ಮಾರಕವಾಗಿರದೆ ಊಟದ ಜಾಹೀರಾತಾಗಿಯೇ ಹುಟ್ಟಿತೆಂಬುದಕ್ಕೆ ಈ ಬಣ್ಣವೇ ಸಾಕ್ಷಿ.

ಇಂತಹ ದೈತ್ಯ ಮಾದರಿಗಳನ್ನು ಆಸ್ಟ್ರೇಲಿಯದಲ್ಲಿ 'ಬಿಗ್ ಥಿಂಗ್ಸ್' ಎಂದೇ ಕರೆಯುತ್ತಾರೆ. ದೇಶದುದ್ದಕ್ಕೂ ಇವುಗಳ ಸಂಖ್ಯೆ ನೂರೈವತ್ತನ್ನು ಮೀರುತ್ತದೆಂಬ ಅಂದಾಜಿದೆ. ಕಾಫ್ಸ್ ಹಾರ್ಬರ್ ಎಂಬಲ್ಲಿ 1964ರಲ್ಲಿ ತೋಟಗಾರನೊಬ್ಬ ರಸ್ತೆಬದಿಯ ತನ್ನ ಹಣ್ಣಿನ ಅಂಗಡಿಯ ಮುಂದೆ 13 ಮೀಟರ್ ಉದ್ದದ ಬಾಳೆಹಣ್ಣನ್ನು ನಿಲ್ಲಿಸಿದ. ಇದೇ ಮೊದಲನೆಯದೆಂದು ಹಲವರು ಹೇಳುವುದುಂಟು. ಆದರೆ ಅಡಿಲೇಡಿನ ದೈತ್ಯ ಸ್ಕಾಟ್ಲೆಂಡಿಗನ ಪ್ರತಿಮೆ ಅದಕ್ಕಿಂತ ಒಂದು ವರ್ಷ ಹಿರಿಯದು. ಅದೇನೇ ಇರಲಿ, ಬಾಳೆಹಣ್ಣಿನ ತಂತ್ರ ಫಲಿಸಿತು. ನೂರಾರು ಕಿಲೋಮೀಟರ್ ಒಂದೇ ಸಮನೆ ಕಾರು ಓಡಿಸುವ ದೇಶದಲ್ಲಿ ಹಿಂದಿನ ಸೀಟಿನ ಮಕ್ಕಳು ಕೂಗಿದರೆ ಬ್ರೇಕ್ ಒತ್ತದೆ ಗತಿಯಿಲ್ಲ. ನಿಂತ ಕಾರಿನವರು ಹಣ್ಣನ್ನೂ ಕೊಂಡರು.

ಬ್ಯಾಲಿನಾದ ಸಿಗಡಿ ತಲೆಯೆತ್ತಿದ್ದು 1989ರಲ್ಲಿ. ಸಿಡ್ನಿ ಮತ್ತು ಬ್ರಿಸ್ಬೇನ್ ನಗರಗಳನ್ನು ಜೋಡಿಸುವ ಪೆಸಿಫಿಕ್ ಹೆದ್ದಾರಿ ಆಗ ಪಟ್ಟಣದ ಮೂಲಕವೇ ಹಾದುಹೋಗುತ್ತಿತ್ತು. ಪೆಟ್ರೋಲ್ ಬಂಕ್ ಮತ್ತು ಮೀನೂಟದ ಸಂಕೀರ್ಣವೊಂದರ ಮಾಳಿಗೆಯ ಮೇಲೆ ಅದನ್ನು ಕೂರಿಸಲಾಯಿತು. ಇದರ ಹಿಂದಿದ್ದವರು ಮೊಕಾನಿ ಸಹೋದರರು. ಗೌಲ್ಬರ್ನ್ ಪಟ್ಟಣದ ಪ್ರಸಿದ್ಧ ದೈತ್ಯ ಟಗರು ಕೂಡ ಅವರದೇ ಸಾಹಸ.

ಆ ಟಗರಿಗೆ ಒದಗಿದ ಗತಿಯನ್ನು ಇಲ್ಲಿ ನೆನೆಯಬೇಕು. 97 ಟನ್ ತೂಕದ ಅದು 1985ರಿಂದ ಹೆದ್ದಾರಿಯ ಬದಿಯಲ್ಲಿ ನಿಂತು ಗಿರಾಕಿಗಳನ್ನು ಕರೆಯುತ್ತಿತ್ತು. 1992ರಲ್ಲಿ ಬೈಪಾಸ್ ರಸ್ತೆ ತೆರೆಯಿತು, ಕಾರುಗಳು ಊರ ಹೊರಗಿನಿಂದಲೇ ಸಾಗಿಹೋದವು, ವ್ಯಾಪಾರ ಕುಸಿಯಿತು. ಕೊನೆಗೆ 2007ರಲ್ಲಿ ಟಗರನ್ನೇ ಸುಮಾರು 800 ಮೀಟರ್ ದೂರ ಸಾಗಿಸಿ ಹೊಸ ಹೆದ್ದಾರಿಯ ಸಮೀಪಕ್ಕೆ ತಂದಿರಿಸಲಾಯಿತು. ರಸ್ತೆಯನ್ನು ನಂಬಿ ನಿಂತ ಜಾಹೀರಾತಿಗೆ ರಸ್ತೆ ಸರಿದರೆ ಅಸ್ತಿತ್ವವೇ ಇಲ್ಲ.

ಬ್ಯಾಲಿನಾದಲ್ಲೂ ಬೈಪಾಸ್ ಕಾಮಗಾರಿ ಆರಂಭವಾಯಿತು. ಸಿಗಡಿಯ ಬಣ್ಣ ಮಾಸಿತ್ತು, ಕೆಳಗಿನ ಸಂಕೀರ್ಣ ಕಳೆಗುಂದಿತ್ತು. 2009ರಲ್ಲಿ ಸ್ಥಳೀಯ ಕೌನ್ಸಿಲ್ ಸಿಗಡಿಯ ನೆಲಸಮಕ್ಕೆ ಒಪ್ಪಿಗೆ ನೀಡಿತು. ಗಮನಿಸಿ, ಅದು ಕೆಡವಲೇಬೇಕೆಂಬ ಆಜ್ಞೆಯಲ್ಲ, ಕೆಡವಬಹುದೆಂಬ ಅನುಮತಿ ಮಾತ್ರ. ಆದರೂ ಸುದ್ದಿ ಹರಡಿದೊಡನೆ ಸಿಗಡಿಯನ್ನು ಉಳಿಸಿರೆಂಬ ಕೂಗೆದ್ದಿತು. ಅದನ್ನು ವಿಕಾರವೆಂದು ಜರೆಯುತ್ತಿದ್ದವರೂ ಇದ್ದರು. ಬಾಲ್ಯದಲ್ಲಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡವರ ಸಂಖ್ಯೆಯೂ ಇಪ್ಪತ್ತು ವರ್ಷಗಳಲ್ಲಿ ಬೆಳೆದಿತ್ತು.

ಆಸರೆ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಮನೆ ಕಟ್ಟುವ ಸಾಮಗ್ರಿ ಮಾರುವ ಬನ್ನಿಂಗ್ಸ್ ಕಂಪನಿ 2011ರಲ್ಲಿ ಆ ನಿವೇಶನವನ್ನು ಖರೀದಿಸಿತು. ಸುಮಾರು 4 ಲಕ್ಷ ಆಸ್ಟ್ರೇಲಿಯನ್ ಡಾಲರ್ ವೆಚ್ಚದಲ್ಲಿ ಸಿಗಡಿಯ ಜೀರ್ಣೋದ್ಧಾರ ನಡೆದು, 2013ರಲ್ಲಿ ಅದು ಅದೇ ಆವರಣದಲ್ಲಿ ಮಳಿಗೆಯ ಎದುರು ಮತ್ತೆ ನಿಂತಿತು. ಬೈಪಾಸ್ 2012ರ ವೇಳೆಗೇ ಪೂರ್ಣಗೊಂಡಿತ್ತು. ಹೆದ್ದಾರಿ ದೂರ ಸರಿದ ಮೇಲೆ ಜಾಹೀರಾತಿಗೆ ಹಣ ಸುರಿದಂತಾಯಿತು. ಲೆಕ್ಕಪತ್ರದ ದೃಷ್ಟಿಯಿಂದ ವಿಚಿತ್ರವೇ ಸರಿ. ಆದರೆ ಊರಿನ ಅಭಿಮಾನದ ವಸ್ತುವನ್ನು ಉಳಿಸಿದ ಹೆಸರು ಹೊಸದಾಗಿ ಬಂದ ಮಳಿಗೆಗೆ ಎಷ್ಟು ಲಾಭದಾಯಕವೆಂಬುದನ್ನು ವ್ಯಾಪಾರಿಗಳು ಅರಿಯದವರೇನಲ್ಲ.

ದುರಸ್ತಿಯ ವೇಳೆ ಮತ್ತೊಂದು ಲೋಪವನ್ನೂ ಸರಿಪಡಿಸಲಾಯಿತು. ಅಲ್ಲಿಯವರೆಗೆ ಸಿಗಡಿಗೆ ಬಾಲವೇ ಇರಲಿಲ್ಲ! ಮಾಳಿಗೆಯ ಮೇಲೆ ಕುಳಿತಿದ್ದಾಗ ದೇಹದ ಮುಂಭಾಗವಷ್ಟೇ ಇತ್ತು. ನೆಲಕ್ಕಿಳಿದು ಸುತ್ತಲಿನಿಂದಲೂ ಕಾಣುವಂತಾದಾಗ ಹೊಸ ಬಾಲವನ್ನು ಜೋಡಿಸಲಾಯಿತು. ಹುಟ್ಟಿದ 24 ವರ್ಷಗಳ ಬಳಿಕ ಅದು ಪೂರ್ಣಪ್ರಮಾಣದ ಸಿಗಡಿಯಾಯಿತು.

ನದಿಯ ನಿಜವಾದ ಸಿಗಡಿ, ಮೀನುಗಳ ಪಾಡು ಇಷ್ಟು ಸುಲಭದ್ದಲ್ಲ. 2001ರಲ್ಲಿ ಹಾಗೂ 2008ರಲ್ಲಿ ಪ್ರವಾಹದ ನಂತರ ರಿಚ್ಮಂಡ್ ನದಿಯಲ್ಲಿ ಭಾರೀ ಪ್ರಮಾಣದಲ್ಲಿ ಮೀನುಗಳು ಸತ್ತು, ಮೀನುಗಾರಿಕೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ತಗ್ಗುಪ್ರದೇಶಗಳಲ್ಲಿ ನಿಂತ ನೀರಿನಲ್ಲಿ ಹುಲ್ಲು, ಬೆಳೆ ಕೊಳೆತು ಆಮ್ಲಜನಕ ಕರಗಿಹೋಗುತ್ತದೆ. ಆ ಕಪ್ಪು ನೀರು ಕಾಲುವೆಗಳ ಮೂಲಕ ನದಿಗಿಳಿದಾಗ ಜಲಚರಗಳಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. 2022ರ ಮಹಾ ಪ್ರವಾಹದಲ್ಲಂತೂ ಪಟ್ಟಣದ ಆಸ್ಪತ್ರೆಯನ್ನೇ ತೆರವುಗೊಳಿಸಬೇಕಾಗಿ ಬಂದಿತ್ತು. ಇದಕ್ಕೆ ಒಂದು ಕಂಪನಿಯ ಹಣ, ಒಂದು ಸುತ್ತಿನ ಬಣ್ಣ ಸಾಲದು.

ಇಂದು ಸಿಗಡಿಯನ್ನು ನೋಡಬಯಸುವವರು ಹೆದ್ದಾರಿಯನ್ನು ಬಿಟ್ಟು ಪಟ್ಟಣದ ಕಡೆಗೆ ತಿರುಗಬೇಕು. ಬ್ರಿಸ್ಬೇನ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಎರಡು ಗಂಟೆಯ ಹಾದಿ. ವಾಹನ ನಿಲುಗಡೆಯ ಜಾಗದಲ್ಲೇ ಇರುವುದರಿಂದ ಹುಡುಕುವ ಶ್ರಮವಿಲ್ಲ. ಊಟದ ನಿರೀಕ್ಷೆ ಮಾತ್ರ ಬೇಡ. ಅದರ ನೆರಳಿನಲ್ಲಿ ಈಗ ದೊರೆಯುವುದು ಮೊಳೆ, ಸುತ್ತಿಗೆ, ಬಣ್ಣದ ಡಬ್ಬಿಗಳು. ಬನ್ನಿಂಗ್ಸ್ ಮಳಿಗೆಗಳ ಮುಂದೆ ಸ್ಥಳೀಯ ಸಂಘಗಳು ವಾರಾಂತ್ಯದಲ್ಲಿ ತಿಂಡಿ ಮಾರಿ ಚಂದಾ ಎತ್ತುವ ಪದ್ಧತಿಯೇನೋ ಇದೆ. ಆದರೆ ಅಲ್ಲಿ ಬ್ರೆಡ್ಡಿನ ನಡುವೆ ಇಟ್ಟು ಕೊಡುವುದು ಸಿಗಡಿಯನ್ನಲ್ಲ, ಸಾಸೇಜನ್ನು.