ಪನ್ನಾ ಕೋಟಾ: ಇಟಲಿಯ ಕೆನೆಸಿಹಿಗೆ ನಮ್ಮ ತೋಟದ ಹಣ್ಣು

ಗೊಬ್ಬರದ ದಾಸ್ತಾನು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಕಾಫಿಯ ಕಾಯಿಕೊರಕ ಇವುಗಳ ನಡುವೆ ಒಂದು ಸಿಹಿತಿಂಡಿಯ ಲೇಖನ ಹೇಗೆ ನುಸುಳಿತು ಎಂದು ಸದಸ್ಯ ಬಾಂಧವರಲ್ಲಿ ಕೆಲವರು ಹುಬ್ಬೇರಿಸಬಹುದು. ಕಾರಣವಿಲ್ಲದೆ ಇಲ್ಲ. ತೋಟದ ಮನೆಯಲ್ಲಿ ಅತಿಥಿಗಳನ್ನು ಇಳಿಸಿಕೊಳ್ಳುವ ಕಸುಬನ್ನು ನಮ್ಮ ಸದಸ್ಯರಲ್ಲಿ ಹಲವರು ಕೈಗೊಂಡಿದ್ದಾರೆ. ಕಡುಬು, ಅಕ್ಕಿರೊಟ್ಟಿಗಳನ್ನು ಮೆಚ್ಚಿ ಉಂಡ ಪೇಟೆಯವರು ಕಡೆಗೆ ‘ಪನ್ನಾ ಕೋಟಾ ಮಾಡುತ್ತೀರಾ?’ ಎಂದು ಕೇಳುವುದುಂಟಂತೆ. ರಜೆಗೆ ಬಂದ ಮಕ್ಕಳದೂ ಅದೇ ಬೇಡಿಕೆ. ಮಾಡುವ ಬಗೆಯನ್ನು ಪತ್ರಿಕೆಯಲ್ಲಿ ತಿಳಿಸಿ ಎಂದು ಸದಸ್ಯರ ಮನೆಗಳಿಂದ ಬಂದ ಕೋರಿಕೆಗಳಿಗೆ ಇದು ಉತ್ತರ.

ಇಟಲಿ ನಮಗೆ ತೀರ ಅಪರಿಚಿತವಾದ ದೇಶವೇನಲ್ಲ. ಹಲವು ವರ್ಷಗಳಿಂದ ಭಾರತದ ಕಾಫಿಯನ್ನು ಅತಿ ಹೆಚ್ಚಾಗಿ ಕೊಳ್ಳುತ್ತಿರುವವರು ಅವರೇ. ಅವರ ಎಸ್ಪ್ರೆಸೊ ಬಟ್ಟಲಿನ ಮೇಲೆ ನಿಲ್ಲುವ ಹೊಂಬಣ್ಣದ ನೊರೆಗೆ ರೊಬಸ್ಟಾ ಬೇಕು. ಪನ್ನಾ ಕೋಟಾದ ಸೀಮೆಯೆನಿಸಿದ್ದು ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯ. ಅದರ ರಾಜಧಾನಿ ಟುರಿನ್ ಕೂಡ ಕಾಫಿಯ ಊರೇ. ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಆಂಜೆಲೊ ಮೊರಿಯೊಂಡೊ ಎಂಬಾತ ೧೮೮೪ರಲ್ಲಿ ಹಕ್ಕುಪತ್ರ ಪಡೆದದ್ದು ಅಲ್ಲಿ. ಲವಾಜಾ ಸಂಸ್ಥೆ ೧೮೯೫ರಲ್ಲಿ ಒಂದು ಕಿರಾಣಿ ಅಂಗಡಿಯಾಗಿ ಆರಂಭವಾದದ್ದೂ ಅಲ್ಲಿಯೇ.

‘ಪನ್ನಾ’ ಎಂದರೆ ಕೆನೆ, ‘ಕೋಟಾ’ ಎಂದರೆ ಬೇಯಿಸಿದ್ದು. ಬಹು ಪುರಾತನವಾದ ತಿಂಡಿ ಎಂಬ ಪ್ರತೀತಿ ಇದೆಯಾದರೂ ೧೯೬೦ರ ದಶಕಕ್ಕೆ ಮುಂಚಿನ ಇಟಲಿಯ ಪಾಕಪುಸ್ತಕಗಳಲ್ಲಿ ಈ ಹೆಸರು ಸಿಗುವುದಿಲ್ಲ. ೨೦೦೧ರಲ್ಲಿ ಪಿಯೆಮೊಂಟೆ ಸರಕಾರ ಅದನ್ನು ತನ್ನ ಸಾಂಪ್ರದಾಯಿಕ ಆಹಾರಗಳ ಪಟ್ಟಿಗೆ ಸೇರಿಸಿತು. ಸಂಪ್ರದಾಯವೆನಿಸಿಕೊಳ್ಳಲು ನಲವತ್ತು ವರ್ಷ ಸಾಕಾಯಿತು! ಅಲ್ಲಿ ಇದರ ಮೇಲೆ ಸುಟ್ಟ ಸಕ್ಕರೆಯ ಪಾಕವನ್ನೋ ಹಣ್ಣಿನ ರಸವನ್ನೋ ಸುರಿಯುವುದು ವಾಡಿಕೆ.

ಮೊಟ್ಟೆಯಿಲ್ಲ, ಹಿಟ್ಟಿಲ್ಲ, ಕೇಕಿನ ಒಲೆಯೂ ಬೇಡ. ಕೆನೆ, ಹಾಲು, ಸಕ್ಕರೆ, ಪರಿಮಳಕ್ಕೆ ವೆನಿಲಾ ಇಷ್ಟೇ. ಆದರೆ ಇವು ತಾವಾಗಿಯೇ ಗಟ್ಟಿಯಾಗವು. ಗಟ್ಟಿ ಮಾಡುವುದು ಜೆಲಾಟಿನ್. ನಾವು ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ. ಜೆಲಾಟಿನ್ ತಯಾರಾಗುವುದು ದನ, ಹಂದಿ ಮುಂತಾದ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ. ಬಿಳಿಯ ಹಾಲಿನ ಸಿಹಿಯಲ್ಲಿ ಮಾಂಸದ ಮೂಲದ ವಸ್ತು ಇದ್ದೀತೆಂದು ಯಾರಿಗೂ ಸಂಶಯ ಬರುವುದಿಲ್ಲ.

ಪೇಟೆಯ ಒಂದು ಆರತಕ್ಷತೆಯಲ್ಲಿ ಪುಟ್ಟ ಗಾಜಿನ ಲೋಟಗಳಲ್ಲಿ ಈ ಸಿಹಿಯನ್ನು ಇಟ್ಟಿದ್ದರು. ನಮ್ಮ ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು, ಮೆಚ್ಚಿ ಎರಡು ಲೋಟ ತಿಂದರು. ಇದಕ್ಕೆ ಏನು ಹಾಕುತ್ತೀರಿ ಎಂದು ಅಡುಗೆಯವರನ್ನು ವಿಚಾರಿಸಿದರೆ ‘ಜೆಲ್ಲಿ ಪೌಡರ್ ಸಾರ್’ ಎಂಬುದಕ್ಕಿಂತ ಹೆಚ್ಚಿಗೆ ಅವರಿಗೂ ತಿಳಿಯದು. ಖಾಲಿ ಡಬ್ಬಿ ತಂದು ತೋರಿಸಿದಾಗ ಅದರ ಮೇಲೆ ಹಸಿರು ಚುಕ್ಕಿ ಇರಲಿಲ್ಲ. ಹಿರಿಯರು ಯಾರನ್ನೂ ಬೈಯಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು, ಆ ರಾತ್ರಿ ಊಟ ಬಿಟ್ಟರು.

ತಿನ್ನುವವರು ತಿನ್ನಲಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಹಂದಿ ಸಾರಿಗೆ ಹೆಸರಾದ ಮನೆಗಳೂ ನಮ್ಮ ಸದಸ್ಯರಲ್ಲಿ ಉಂಟು. ಬಡಿಸುವವರಿಗೆ ಗೊತ್ತಿರಬೇಕು, ಉಣ್ಣುವವರಿಗೆ ಹೇಳಿ ಬಡಿಸಬೇಕು, ಇಷ್ಟೇ ನಮ್ಮ ಮಾತು. ಹಣ ಪಡೆದು ಊಟ ಹಾಕುವ ಮನೆಗಳಿಗಂತೂ ಇದು ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ.

ಜೆಲಾಟಿನ್ನಿಗೆ ಬದಲಿ ಇದೆ. ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂಬ ಹೆಸರಿನಲ್ಲಿ ಸಿಗುವ ಅಗರ್ ಸಮುದ್ರದ ಕೆಂಪು ಪಾಚಿಗಳಿಂದ ತೆಗೆದದ್ದು, ಶುದ್ಧ ಸಸ್ಯಾಹಾರ. ಇಂಥ ಪಾಚಿಯನ್ನು ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಹೆಂಗಸರು ನೀರಿಗಿಳಿದು ಮುಳುಗಿ ಕಿತ್ತು ತರುತ್ತಾರೆ. ಆದರೆ ಜೆಲಾಟಿನ್ ಇದ್ದ ಕಡೆ ಅಷ್ಟೇ ತೂಕದ ಅಗರ್ ಹಾಕಿದರೆ ಸಿಹಿ ಕೆಟ್ಟಿತೆಂದೇ ತಿಳಿಯಬೇಕು. ಜೆಲಾಟಿನ್ ನಮ್ಮ ಮೈಯ ಬಿಸಿಗೇ ಕರಗುತ್ತದೆ, ಆದ್ದರಿಂದಲೇ ನಾಲಗೆಯ ಮೇಲಿಟ್ಟರೆ ಬೆಣ್ಣೆಯಂತೆ ಜಾರುತ್ತದೆ. ಅಗರ್ ೩೫–೪೦ ಡಿಗ್ರಿ ಸೆಲ್ಸಿಯಸ್ಸಿಗೇ ಗಟ್ಟಿಯಾಗಿ, ಮತ್ತೆ ಕರಗಲು ಸುಮಾರು ೮೫ ಡಿಗ್ರಿ ಬೇಡುತ್ತದೆ. ಹೆಚ್ಚು ಹಾಕಿದರೆ ಬಾಯಲ್ಲಿ ಕರಗದೆ ತುಂಡುತುಂಡಾಗಿ ಒಡೆಯುತ್ತದೆ. ‘ಚೈನಾ ಗ್ರಾಸ್ ಹಾಕಿದ್ದು ಚೆನ್ನಾಗಿರುವುದಿಲ್ಲ’ ಎಂಬ ದೂರಿಗೆಲ್ಲ ಮೂಲ ಈ ಅತಿ ಪ್ರಮಾಣವೇ. ಇನ್ನೊಂದು ಅನುಕೂಲವನ್ನು ಮಲೆನಾಡಿನವರು ಗಮನಿಸಬೇಕು. ಆಷಾಢದ ಮಳೆಗೆ ಕಂಬ ಉರುಳಿ ಎರಡು ದಿನ ಕರೆಂಟ್ ಇಲ್ಲದಿದ್ದರೆ ಜೆಲಾಟಿನ್ನಿನ ಸಿಹಿ ಫ್ರಿಜ್ಜಿನ ತಂಪು ಹೋದಂತೆ ಸಡಿಲಾಗುತ್ತದೆ. ಅಗರ್ ಹಾಕಿದ್ದು ಬಟ್ಟಲಲ್ಲಿ ನಿಂತಿರುತ್ತದೆ. ಕೆಡುವ ಮುಂಚೆ ತಿಂದು ಮುಗಿಸಬೇಕೆನ್ನುವುದು ಬೇರೆ ಮಾತು.

ಆರು ಬಟ್ಟಲಿಗೆ ೩೦೦ ಮಿ.ಲೀ. ಕೆನೆ, ೨೦೦ ಮಿ.ಲೀ. ಹಾಲು, ೬೦ ಗ್ರಾಂ ಸಕ್ಕರೆ, ೧.೫ ಗ್ರಾಂ ಅಗರ್ ಪುಡಿ (ಟೀ ಚಮಚದಲ್ಲಿ ಸಪಾಟಾಗಿ ಮುಕ್ಕಾಲು). ಇಟಲಿಯ ಕೆನೆಯಲ್ಲಿ ಜಿಡ್ಡು ಶೇಕಡ ೩೫ರಷ್ಟು. ನಮ್ಮಲ್ಲಿ ಪೊಟ್ಟಣದಲ್ಲಿ ಬರುವ ಕೆನೆಯಲ್ಲಿ ಸಾಮಾನ್ಯವಾಗಿ ೨೫. ಪೊಟ್ಟಣದ್ದಾದರೆ ಕೆನೆಯನ್ನು ೩೫೦ಕ್ಕೆ ಏರಿಸಿ ಹಾಲನ್ನು ೧೫೦ಕ್ಕೆ ಇಳಿಸಿರಿ. ಮನೆಯ ಹಾಲಿನ ಕೆನೆಯೂ ಆಗುತ್ತದೆ, ಎಮ್ಮೆಯ ಹಾಲಿನದಾದರೆ ಇನ್ನೂ ಮೇಲು. ಆದರೆ ಅದು ಅಂದಿನದೇ ಆಗಿರಬೇಕು. ಬೆಣ್ಣೆ ಕಡೆಯಲೆಂದು ವಾರವಿಡೀ ಕೂಡಿಟ್ಟ ಹುಳಿ ಕೆನೆ ಬಿಸಿಗೆ ಒಡೆಯುತ್ತದೆ. ಕೆನೆಯ ಗಂಟುಗಳನ್ನು ಹಾಲಿನೊಡನೆ ಕಡೆದು ಸೋಸಿಕೊಳ್ಳಬೇಕು.

ತಣ್ಣನೆಯ ಹಾಲಿಗೆ ಅಗರ್ ಪುಡಿಯನ್ನು ಉದುರಿಸಿ ಕಲಸಿ, ಸಣ್ಣ ಉರಿಯಲ್ಲಿ ಕುದಿಗೆ ತಂದು, ತಳ ಹತ್ತದಂತೆ ಕೈಯಾಡಿಸುತ್ತ ಮೂರು ನಾಲ್ಕು ನಿಮಿಷ ಕುದಿಸಬೇಕು. ಕುದಿಯದ ಅಗರ್ ಕರಗುವುದಿಲ್ಲ. ಕೆನೆ, ಸಕ್ಕರೆ, ವೆನಿಲಾಗಳನ್ನು ಬೇರೆ ಪಾತ್ರೆಯಲ್ಲಿ ಅಂಚಿನಲ್ಲಿ ಗುಳ್ಳೆ ಕಾಣುವಷ್ಟು ಮಾತ್ರ ಕಾಯಿಸಿ ಹಾಲಿಗೆ ಬೆರೆಸಿರಿ. ತಣ್ಣನೆಯ ಕೆನೆ ಸುರಿದರೆ ಅಗರ್ ಅಲ್ಲಲ್ಲೇ ಹೆಪ್ಪುಗಟ್ಟಿ ನೂಲು ನೂಲಾದೀತು. ಒಂದು ಚಮಚದಷ್ಟನ್ನು ತಣ್ಣಗಿರುವ ತಟ್ಟೆಯ ಮೇಲೆ ಹಾಕಿ ಎರಡು ನಿಮಿಷ ಬಿಟ್ಟು ನೋಡಿ. ಬೆರಳಿಗೆ ಮೆತ್ತಗೆ ನಡುಗುವಂತಿರಬೇಕು. ಗಡುಸಾಗಿದ್ದರೆ ಬಿಸಿ ಹಾಲು ಸೇರಿಸಿ, ತೀರ ತೆಳುವಾಗಿದ್ದರೆ ಇನ್ನಷ್ಟು ಅಗರ್ ಕುದಿಸಿ ಹಾಕಿ. ಒಂದೊಂದು ತಯಾರಿಯ ಅಗರಿನ ಬಲ ಒಂದೊಂದು ತೆರವಾದ್ದರಿಂದ ಈ ಪರೀಕ್ಷೆ ತಪ್ಪಿಸಬಾರದು. ಸೋಸಿ ಬಟ್ಟಲುಗಳಿಗೆ ಹೊಯ್ದು, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಜೆಲಾಟಿನ್ನೇ ಬಳಸುವವರು ೫ರಿಂದ ೬ ಗ್ರಾಂ ಪುಡಿಯನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒಲೆಯಿಂದ ಇಳಿಸಿದ ಬಿಸಿ ಕೆನೆಯಲ್ಲಿ ಕರಗಿಸಬೇಕು. ಅದನ್ನು ಕುದಿಸಬಾರದು, ಕನಿಷ್ಠ ನಾಲ್ಕು ಗಂಟೆ ತಂಪಿನಲ್ಲಿಡಬೇಕು.

ವೆನಿಲಾ ಎಂದೊಡನೆ ನಮ್ಮಲ್ಲಿ ಹಲವರಿಗೆ ಹಳೆಯ ನೋವು ನೆನಪಾದೀತು. ೨೦೦೩ರ ಆಸುಪಾಸಿನಲ್ಲಿ ಹಸಿ ಕೋಡು ಕಿಲೋಗೆ ಸಾವಿರಾರು ರೂಪಾಯಿ ಬಾಳುತ್ತಿದ್ದಾಗ ಅಡಿಕೆ ಮರದ ಬುಡಕ್ಕೂ ಕಾಫಿಯ ನೆರಳಿಗೂ ಬಳ್ಳಿ ಏರಿತು, ಬೆಳಗಿನ ಜಾವ ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಿದ್ದಾಯಿತು. ಕೆಲವೇ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಗಿಟ್ಟದೆ ಬಳ್ಳಿ ಕಿತ್ತೆಸೆದವರೇ ಹೆಚ್ಚು. ಇನ್ನೂ ನಾಲ್ಕು ಬಳ್ಳಿ ಉಳಿಸಿಕೊಂಡಿರುವವರು ಮನೆಗಾಗಿಯಾದರೂ ಹದ ಮಾಡಿಕೊಳ್ಳಲಿ. ಹಸಿ ಕೋಡಿಗೆ ಪರಿಮಳವಿಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನವೂ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ತಿಂಗಳುಗಟ್ಟಲೆ ಮುಚ್ಚಿಟ್ಟ ಮೇಲೆಯೇ ಅದು ಕಂದು ಬಣ್ಣಕ್ಕೆ ತಿರುಗಿ ಘಮಘಮಿಸುವುದು. ಒಂದು ಕೋಡನ್ನು ಸೀಳಿ ಒಳಗಿನ ಕಪ್ಪು ಕಾಳನ್ನು ಕೆರೆದು ಕೆನೆಗೆ ಹಾಕಿದರೆ ಸೀಸೆಯ ಎಸೆನ್ಸ್ ಅದರ ಹತ್ತಿರಕ್ಕೂ ಬರದು.

ಇನ್ನು ಹಣ್ಣು. ನಮ್ಮ ಬೇಲಿಗಳಲ್ಲಿ ಹಬ್ಬಿ, ಉದುರಿ, ಮಣ್ಣುಪಾಲಾಗುವ ಪ್ಯಾಶನ್ ಫ್ರೂಟ್ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಆರು ಹಣ್ಣಿನ ತಿರುಳಿಗೆ ಎರಡು ದೊಡ್ಡ ಚಮಚ ಸಕ್ಕರೆ ಹಾಕಿ ಮೂರು ನಿಮಿಷ ಕಾಯಿಸಿದರೆ ಸಾಕು. ಬೀಜ ಹಾಗೆಯೇ ಇರಲಿ. ಕೆನೆಯ ಮಂದ ಸಿಹಿಗೆ ಆ ಹುಳಿ ಜೀವ ಕೊಡುತ್ತದೆ. ಕೊಡಗಿನ ಕಿತ್ತಳೆ ಸಿಕ್ಕವರು ಭಾಗ್ಯವಂತರು. ತೊಳೆಗಳ ಸಿಪ್ಪೆ ಬಿಡಿಸಿ ಅದರದೇ ರಸದ ಪಾಕದಲ್ಲಿ ಅದ್ದಿಟ್ಟರಾಯಿತು. ಪುನರ್ಪುಳಿಯ ಪಾಕ ಬಿಳಿಯ ಮೇಲೆ ಕೆಂಪಾಗಿ ನೋಡಲೂ ಚೆಂದ.

ಅನಾನಸು, ಪರಂಗಿಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಈ ಹಸಿ ಹಣ್ಣುಗಳಲ್ಲಿ ಪ್ರೋಟೀನನ್ನು ಅರಗಿಸುವ ಕಿಣ್ವಗಳಿವೆ. ಜೆಲಾಟಿನ್ ಪ್ರೋಟೀನೇ ಆದ್ದರಿಂದ ಹಣ್ಣು ತಾಗಿದಲ್ಲೆಲ್ಲ ಅದು ನೀರೊಡೆಯುತ್ತದೆ. ಹಣ್ಣನ್ನು ಮೊದಲು ಐದಾರು ನಿಮಿಷ ಬೇಯಿಸಿಕೊಂಡರೆ ಕಿಣ್ವ ಸಾಯುತ್ತದೆ. ಅಗರ್ ಪ್ರೋಟೀನಲ್ಲವಾದ್ದರಿಂದ ಅದಕ್ಕೆ ಈ ಬಾಧೆಯಿಲ್ಲ. ಆದರೂ ಕೆನೆಯ ಹಾಲು ಕಹಿಯಾಗಬಹುದಾದ್ದರಿಂದ ಬೇಯಿಸಿ ಹಾಕುವುದೇ ಲೇಸು. ಯಾವ ಹಣ್ಣಾದರೂ ಪಾಕ ಪೂರ್ಣ ಆರಿರಬೇಕು, ಕೆನೆ ಪೂರ್ಣ ನಿಂತಿರಬೇಕು, ಬಡಿಸುವ ಮುನ್ನ ಮೇಲೆ ಹಾಕಬೇಕು. ಹುಳಿ ರಸವನ್ನು ಮೊದಲೇ ಬಿಸಿ ಕೆನೆಗೆ ಬೆರೆಸಿದರೆ ಹಾಲು ಒಡೆದು ಎಲ್ಲವೂ ದನದ ಕಲಗಚ್ಚಿಗೆ.

ಹಣ್ಣು ಹಾಕದ ಬಟ್ಟಲುಗಳು ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಎರಡು ದಿನ ಚೆನ್ನಾಗಿರುತ್ತವೆ. ಎರಡೂ ಬಗೆಯನ್ನು ಮಾಡುವ ಮನೆಗಳಲ್ಲಿ ಅಗರಿನದಕ್ಕೆ ಒಂದು ಬಣ್ಣದ ಬಟ್ಟಲು, ಜೆಲಾಟಿನ್ನಿನದಕ್ಕೆ ಇನ್ನೊಂದು ಬಣ್ಣದ ಬಟ್ಟಲು ಎಂದು ಮೊದಲೇ ಗೊತ್ತುಮಾಡಿಕೊಂಡು, ಬಡಿಸುವ ಹುಡುಗರಿಗೂ ಅದನ್ನು ತಿಳಿಸಿಡಬೇಕು.